ಕೋಳಿ ಗೂಡಿಗೆ ಏನು ಹಾಸೋದು: ಭತ್ತದ ಹೊಟ್ಟಾ, ಮರದ ಸಿಪ್ಪೆನಾ, ನಾರಿನ ಪುಡಿನಾ?

ಹೋದ ವರ್ಷ ಆಷಾಢದಲ್ಲಿ ಒಂದಿನ ಬೆಳಗ್ಗೆ ಗೂಡಿನ ಬಾಗಿಲು ತೆಗೆದ್ರೆ ಈರುಳ್ಳಿ ಹೆಚ್ಚಿದ ಹಾಗೆ ಕಣ್ಣಲ್ಲಿ ನೀರು ಬಂತು, ಮೂಗಿನ ಒಳಗೆಲ್ಲ ಚುರ್ ಅಂತು. ಒಳಗೆ ಹದಿನಾಲ್ಕು ಕೋಳಿ, ಅದ್ರಲ್ಲಿ ಗಿರಿರಾಜ ತಳಿಯ ಎರಡು ಕೋಳಿ ಕಣ್ಣು ಅರ್ಧ ಮುಚ್ಕೊಂಡು ಅಡ್ಡಗೋಲಿನ ಮೇಲೇ ಕೂತಿದ್ವು, ಕೆಳಗೆ ಇಳಿಯೋ ಮನಸ್ಸೇ ಇಲ್ಲ. ಕಾಲಡಿ ನೋಡಿದ್ರೆ ಮೂರು ವಾರದ ಹಿಂದೆ ನಾನು ಭಾರೀ ಬುದ್ಧಿವಂತೆ ಥರ ಹಾಸಿದ್ದ ತೆಂಗಿನ ನಾರಿನ ಪುಡಿ ಕಪ್ಪಗೆ ಕೆಸರಾಗಿ ಚಪ್ಪಲಿಗೆ ಅಂಟ್ಕೊಂಡು ಬರ್ತಿತ್ತು.

ಅದನ್ನ ಹಾಸಿದ್ದಕ್ಕೆ ನನ್ನ ಲೆಕ್ಕ ಏನಿತ್ತು ಅಂದ್ರೆ, ಇದು ತನ್ನ ತೂಕದ ಐದಾರು ಪಟ್ಟು ನೀರು ಕುಡಿಯೋ ವಸ್ತು, ನಮ್ಮ ಹಾಸನದಿಂದ ಅರಸೀಕೆರೆ ಕಡೆ ಹೋದ್ರೆ ನಾರಿನ ಫ್ಯಾಕ್ಟರಿಗಳ ಪಕ್ಕದಲ್ಲಿ ಗುಡ್ಡ ಗುಡ್ಡ ಬಿದ್ದಿರತ್ತೆ, ಟೆಂಪೋ ಬಾಡಿಗೆ ಬಿಟ್ರೆ ದೊಡ್ಡ ಖರ್ಚೇನೂ ಇಲ್ಲ, ಜಾಸ್ತಿ ನೀರು ಹೀರೋದೇ ಒಳ್ಳೆ ಹಾಸಿಗೆ ಅಲ್ವಾ ಅಂತ. ಅಲ್ಲ. ಆಮೇಲೆ ಒಂದೂವರೆ ವರ್ಷದಿಂದ ಸಿಕ್ಕಿದ್ದನ್ನೆಲ್ಲ ಹಾಸಿ ನೋಡಿದೀನಿ, ಅಕ್ಕಪಕ್ಕದೋರ ಗೂಡಿಗೆಲ್ಲ ತಲೆ ಹಾಕಿ ನೋಡಿದೀನಿ, ಮನೇಲಿ ಐದರಿಂದ ಮೂವತ್ತು ಕೋಳಿ ಸಾಕೋರಿಗೆ ಯಾವುದು ಸರಿ ಬರತ್ತೆ ಅಂತ ನನಗನ್ಸಿದ್ದನ್ನ ಬರೀತಿದೀನಿ. ಸಾವಿರಾರು ಬ್ರಾಯ್ಲರ್ ಹಾಕೋ ಶೆಡ್ಡಿನೋರ ಲೆಕ್ಕ ಬೇರೆ, ಅವರಿಗೆ ನಾನು ಹೇಳೋದು ಏನಿಲ್ಲ.

ಮಳೆಗಾಲದಲ್ಲಿ ಟವಲ್ ಒಣಗಿಸಿದೋರಿಗೆ ಇದು ತಕ್ಷಣ ಅರ್ಥ ಆಗತ್ತೆ. ದಪ್ಪ ಟರ್ಕಿ ಟವಲ್ ಎಷ್ಟು ನೀರು ಬೇಕಾದ್ರೂ ಹೀರತ್ತೆ, ಆದ್ರೆ ಮೂರು ದಿನ ತಂತಿ ಮೇಲೆ ಇದ್ರೂ ಒಣಗಲ್ಲ, ಮುಗ್ಗುಲು ವಾಸನೆ ಶುರು ಆಗತ್ತೆ. ತೆಳು ಬೈರಾಸ ಅಷ್ಟು ಹೀರಲ್ಲ, ಆದ್ರೆ ಫ್ಯಾನ್ ಕೆಳಗೆ ಹಾಕಿದ್ರೆ ಗಂಟೆ ಹೊತ್ತಲ್ಲಿ ಗರಿಗರಿ. ಕೋಳಿ ಹಾಸಿಗೆನೂ ಹಂಗೇ, ನೀರು ಕುಡಿಯೋ ಗುಣ ಒಂದು, ಕುಡಿದ ನೀರನ್ನ ಗಾಳಿಗೆ ಬಿಟ್ಕೊಡೋ ಗುಣ ಇನ್ನೊಂದು, ಎರಡೂ ಬೇಕು, ಎರಡರಲ್ಲಿ ಒಂದೇ ಸಿಗತ್ತೆ ಅಂದ್ರೆ ನಾನು ಎರಡನೇದನ್ನೇ ಆರಿಸ್ಕೋತೀನಿ.

ಎಷ್ಟು ನೀರು ಅಂತ ಒಂದ್ಸಲ ಲೆಕ್ಕ ಹಾಕಿ. ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಿಕ್ಕೆ ಹಾಕತ್ತೆ, ಅದರಲ್ಲಿ ಮುಕ್ಕಾಲು ಪಾಲು ನೀರೇ. ನನ್ನ ಹದಿನಾಲ್ಕು ಕೋಳಿಗೆ ದಿನಕ್ಕೆ ಒಂದು ಲೀಟರ್ ನೀರು ಆಯ್ತು, ಎಲ್ಲವೂ ಗೂಡಿನೊಳಗೆ ಬೀಳಲ್ಲ, ಹಗಲೆಲ್ಲ ಹೊರಗೆ ಮೇಯತ್ವೆ, ಆದ್ರೂ ರಾತ್ರಿ ಪಾಲೇ ಸಾಕಷ್ಟಿರತ್ತೆ. ಈ ನೀರು ಹಾಸಿಗೆಲೇ ನಿಂತ್ರೆ ಹಿಕ್ಕೆಯಲ್ಲಿರೋ ಯೂರಿಕ್ ಆಸಿಡ್‌ನ ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡತ್ವೆ, ಒದ್ದೆ ಜಾಸ್ತಿ ಆದಷ್ಟು, ಬಿಸಿ ಜಾಸ್ತಿ ಆದಷ್ಟು ಅಮೋನಿಯಾನೂ ಜಾಸ್ತಿ. ಗಾಳಿಯಲ್ಲಿ 25 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲು ಗಾಳಿಗೆ 25 ಪಾಲು, ದಾಟಬಾರದು ಅಂತ ಹೇಳ್ತಾರೆ, ನಮ್ಮ ಹತ್ರ ಅಳೆಯೋ ಮೆಷಿನ್ ಎಲ್ಲಿದೆ, ಮೂಗೇ ಮೀಟರು. ಆದ್ರೆ ದಿನಾ ಒಳಗೆ ಹೋಗೋರ ಮೂಗು ವಾಸನೆಗೆ ಒಗ್ಗಿಹೋಗಿರತ್ತೆ, ಅದಕ್ಕೆ ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಮಂಡಿಯೂರಿ ಕೋಳಿ ತಲೆ ಎತ್ತರಕ್ಕೆ ಮುಖ ತಗೊಂಡೋಗಿ ಒಂದು ಉಸಿರು ಎಳೆದು ನೋಡ್ಬೇಕು. ನಿಂತ್ಕೊಂಡು ನೋಡಿದ್ರೆ ಗೊತ್ತಾಗಲ್ಲ.

ಇನ್ನೊಂದು ಪರೀಕ್ಷೆ ಮುಷ್ಟಿಯದು. ಗೂಡಿನ ಮಧ್ಯದಿಂದ ಒಂದು ಹಿಡಿ ಹಾಸಿಗೆ ತಗೊಂಡು ಗಟ್ಟಿಯಾಗಿ ಹಿಚುಕಿ, ಬೆರಳು ಬಿಚ್ಚಿ. ಉಂಡೆ ಹಾಗೇ ನಿಂತ್ರೆ ಒದ್ದೆ ಜಾಸ್ತಿ ಆಗಿದೆ. ಒಂಚೂರೂ ಅಂಟದೆ ಪುಡಿ ಪುಡಿ ಹಾರಿ ಸೀನು ಬಂದ್ರೆ ತೀರಾ ಒಣಗಿದೆ, ಅದೂ ಕೋಳಿ ಉಸಿರಾಟಕ್ಕೆ ಒಳ್ಳೇದಲ್ಲ. ಒಂದು ಕ್ಷಣ ಅಂಟಿ ಆಮೇಲೆ ಬಿರುಕು ಬಿಟ್ಟು ಉದುರಿಹೋದ್ರೆ ಹದ ಸರಿಯಾಗಿದೆ, ಅಂದ್ರೆ ತೇವ 20ರಿಂದ 25 ಪರ್ಸೆಂಟ್ ಹತ್ರ ಇದೆ ಅಂತ. ಗ್ಲೌಸ್ ಹಾಕ್ಕೊಳಿ, ನಾನು ಹಾಕ್ಕೊಳಲ್ಲ, ನಮ್ಮತ್ತೆ ಬೈತಾರೆ.

ಮೊದಲು ಭತ್ತದ ಹೊಟ್ಟು, ಮಲೆನಾಡು ಕರಾವಳಿ ಕಡೆಯೋರಿಗೆ ಉಮಿ. ನಮ್ಮ ಕಡೆ ಅತಿ ಸುಲಭವಾಗಿ ಸಿಗೋದೂ ಇದೇ, ಫಾರಂನೋರು ಜಾಸ್ತಿ ಹಾಸೋದೂ ಇದನ್ನೇ. ಹೊಟ್ಟಿನ ಮೈಮೇಲೆ ಸಿಲಿಕಾ ಇರೋದ್ರಿಂದ ಅದು ಗಟ್ಟಿ, ನುಣುಪು, ನೀರನ್ನ ಬೇಗ ಒಳಗೆ ಬಿಟ್ಕೊಳಲ್ಲ. ಇದನ್ನ ಕೊರತೆ ಅನ್ನೋರಿದ್ದಾರೆ, ನಾನೂ ಅಂದಿದ್ದೆ. ಆದ್ರೆ ಒಂದೊಂದು ಕಾಳಿನ ಹೊಟ್ಟೂ ದೋಣಿ ಥರ ಬಾಗಿರತ್ತಲ್ಲ, ಒಂದರ ಮೇಲೊಂದು ಬಿದ್ರೂ ಮಧ್ಯೆ ಗಾಳಿಗೆ ಜಾಗ ಉಳಿಯತ್ತೆ, ಒತ್ತಿ ಹೆಪ್ಪುಗಟ್ಟಲ್ಲ, ಹಾಗಾಗಿ ಮೇಲೆ ಬಿದ್ದ ಹಿಕ್ಕೆ ಬೇಗ ಒಣಗಿ ಕಲ್ಲು ಥರ ಆಗತ್ತೆ, ಕೋಳಿ ಕೆದಕಿದಾಗ ಒಡೆದು ಕೆಳಗೆ ಇಳಿಯತ್ತೆ. ಕೋಳಿ ಸೋಮಾರಿ ಆದ್ರೆ ಕಷ್ಟ, ಗಿರಿರಾಜದಂಥ ಭಾರದ ಕೋಳಿಗಳು ನಾಟಿ ಕೋಳಿಯಷ್ಟು ಕೆದಕಲ್ಲ, ಆಗ ಎರಡು ದಿನಕ್ಕೊಂದ್ಸಲ ನಾವೇ ಕೈಕುಂಟೆಯಲ್ಲೋ ಮುಳ್ಳುಕೋಲಲ್ಲೋ ಕೆದಕ್ಬೇಕು. ನಾನು ಸುಮ್ನೆ ಒಂದು ಹಿಡಿ ರಾಗಿ ಚೆಲ್ಲಿಬಿಡ್ತೀನಿ, ಅದಕ್ಕೋಸ್ಕರ ಅವೇ ಇಡೀ ಗೂಡು ತಿರುವಿಹಾಕತ್ವೆ.

ಹೊಟ್ಟು ತರೋವಾಗ ಯಾವ ಮಿಲ್ಲಿಂದು ಅಂತ ನೋಡ್ಲೇಬೇಕು, ಇದನ್ನ ಯಾರೂ ಹೇಳಲ್ಲ. ಹಳೇ ಹಲ್ಲರ್ ಮಿಲ್ಲಲ್ಲಿ ಹೊಟ್ಟು, ತೌಡು, ನುಚ್ಚು ಎಲ್ಲ ಒಟ್ಟಿಗೇ ಪುಡಿಯಾಗಿ ಹೊರಗೆ ಬರತ್ತೆ. ರಬ್ಬರ್ ರೋಲರ್ ಇರೋ ಹೊಸ ಮಿಲ್ಲಲ್ಲಿ ಹೊಟ್ಟು ಇಡಿಯಾಗಿ ಬೇರೆ ಬರತ್ತೆ, ತೌಡು ಬೇರೆ. ನಮಗೆ ಬೇಕಾಗಿರೋದು ಎರಡನೇದು. ಚೀಲದ ಬಾಯಿ ಬಿಚ್ಚಿ ಮೊಣಕೈ ತನಕ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೀರಿ, ಅಂಗೈ ಮೇಲೆ ಪೌಡರ್ ಹಚ್ಚಿದ ಹಾಗೆ ಬೆಳ್ಳಗೆ ಜಿಡ್ಡು ಜಿಡ್ಡು ಉಳಿದ್ರೆ ಅದು ಹಲ್ಲರ್ ಮಾಲು. ತೌಡಿನ ಆಸೆಗೆ ಕೋಳಿ ಅದನ್ನೇ ತಿಂತಾ ಕೂರತ್ವೆ, ಇಲಿ ಬರತ್ತೆ, ಹುಳ ಬರತ್ತೆ, ಒಂದು ಮಳೆಗೆ ಬೂಷ್ಟು ಹಿಡಿಯತ್ತೆ. ಅಡಿಯಲ್ಲಿ ಕೈಗೆ ಬೆಚ್ಚಗೆ ಹತ್ತಿದ್ರೂ ಬೇಡ, ಒಳಗೆ ಒದ್ದೆ ಇದೆ ಅಂತ ಅರ್ಥ.

ಹೊಟ್ಟಿನ ರೇಟು ಒಂದೇ ಥರ ಇರಲ್ಲ. ಮಿಲ್ಲಿನ ಬಾಯ್ಲರಿಗೂ ಇಟ್ಟಿಗೆ ಗೂಡಿಗೂ ಅದೇ ಸೌದೆ, ಅವರಿಗೆ ಬೇಕಾದ ಟೈಮಲ್ಲಿ ನಮಗೆ ಎರಡು ಚೀಲ ಕೊಡೋಕೂ ಮುಖ ಸಿಂಡರಿಸ್ತಾರೆ. ಕಟಾವಾಗಿ ಮಿಲ್ಲು ಜೋರಾಗಿ ಓಡೋ ದಿನಗಳಲ್ಲಿ, ಡಿಸೆಂಬರ್ ಜನವರಿ ಹೊತ್ತಿಗೆ, ವರ್ಷಕ್ಕಾಗೋಷ್ಟು ತಂದು ಒಣ ಜಾಗದಲ್ಲಿ ಇಟ್ಕೊಂಡುಬಿಡಿ. ಮಳೆ ಶುರು ಆದ್ಮೇಲೆ ಹುಡುಕೋಕೆ ಹೋದ್ರೆ ಒಣ ಹೊಟ್ಟು ಸಿಗೋದೇ ಕಷ್ಟ.

ಮರದ ಸಿಪ್ಪೆ, ಅಂದ್ರೆ ಬಡಗಿ ಹತ್ತರಿ ಹೊಡೆಯೋವಾಗ ಸುರುಳಿ ಸುರುಳಿಯಾಗಿ ಬೀಳತ್ತಲ್ಲ, ಅದು. ಬರೀ ಗುಣ ನೋಡಿ ನಂಬರ್ ಕೊಡಿ ಅಂದ್ರೆ ನಾನು ಇದಕ್ಕೇ ಫಸ್ಟ್ ಕೊಡ್ತೀನಿ, ನೀರೂ ಹೀರತ್ತೆ, ಬೇಗ ಬಿಡತ್ತೆ ಕೂಡ, ಮೆತ್ತಗಿರತ್ತೆ, ಧೂಳು ಕಡಿಮೆ, ಭಾರದ ಕೋಳಿ ಅಡ್ಡಗೋಲಿಂದ ಧೊಪ್ ಅಂತ ಹಾರಿದ್ರೂ ಪಾದಕ್ಕೆ ಪೆಟ್ಟಾಗಲ್ಲ. ನನ್ನದೊಂದು ಗಿರಿರಾಜ ಹುಂಜಕ್ಕೆ ಅಂಗಾಲಲ್ಲಿ ಗಂಟು ಕಟ್ಟಿ ಕೀವಾಗಿತ್ತು, ತೆಳ್ಳಗೆ ಹೊಟ್ಟು ಹಾಸಿದ್ದ ಸಿಮೆಂಟ್ ನೆಲಕ್ಕೆ ದಿನಾ ಮೂರಡಿ ಮೇಲಿಂದ ಹಾರಿ ಹಾರಿ. ಸಿಪ್ಪೆ ಬೆರೆಸಿ ದಪ್ಪ ಮಾಡಿ ಅಡ್ಡಗೋಲನ್ನ ಒಂದೂವರೆ ಅಡಿಗೆ ಇಳಿಸಿದ ಮೇಲೆ ಮತ್ತೆ ಯಾವುದಕ್ಕೂ ಆಗಿಲ್ಲ.

ಕಷ್ಟ ಏನಪ್ಪಾ ಅಂದ್ರೆ ಒಳ್ಳೆ ಸಿಪ್ಪೆ ಸಿಗೋದು. ಈಗ ಪೇಟೆಯ ಬಡಗಿ ಅಂಗಡಿಗಳಲ್ಲಿ ಮುಕ್ಕಾಲು ಕೆಲಸ ಪ್ಲೈವುಡ್ಡು, ಎಂಡಿಎಫ್ಫು, ಅದರ ಪುಡಿಯಲ್ಲಿ ಅಂಟು ಇರತ್ತೆ, ಫಾರ್ಮಾಲ್ಡಿಹೈಡ್ ಇರೋ ಅಂಟು, ಪುಡಿನೂ ಗಾಳಿಲಿ ತೇಲೋ ಅಷ್ಟು ಸಣ್ಣ. ಗೆದ್ದಲಿಗೆ ಔಷಧಿ ಹೊಡೆದ ಮರ ಇರತ್ತೆ, ವಾರ್ನಿಷ್ ಕೆರೆದ ಚೂರಿರತ್ತೆ. ಅಂಗಡಿಯೋರು ನೆಲ ಗುಡಿಸಿ ಎಲ್ಲ ಒಂದೇ ಚೀಲಕ್ಕೆ ತುಂಬಿ ಪುಕ್ಕಟೆ ತಗೊಂಡೋಗಿ ಅಂತಾರೆ, ಪುಕ್ಕಟೆ ಅಂತ ತರಬೇಡಿ. ಬಾಗಿಲು ಚೌಕಟ್ಟು ಮಾತ್ರ ಮಾಡೋ ಜಾಗ ಹುಡುಕಿ, ಅಲ್ಲಿ ಇಡೀ ಮರ ಕೆಲಸ ಮಾಡ್ತಾರೆ, ಪ್ಲೇನರ್ ಮೆಷಿನ್ ಕೆಳಗೆ ಬಿದ್ದದ್ದನ್ನ ಮಾತ್ರ ಬೇರೆ ತುಂಬಿಸ್ಕೊಳಿ, ಚಾ ಕಾಫಿಗೆ ಅಂತ ಸ್ವಲ್ಪ ಕೊಟ್ರೆ ಹುಡುಗರು ತೆಗೆದಿಡ್ತಾರೆ. ಮನೆಗೆ ತಂದ ಮೇಲೆ ಚಾಪೆ ಮೇಲೆ ಹರಡಿ ಒಂದು ಹಳೇ ಸ್ಪೀಕರ್ ಮ್ಯಾಗ್ನೆಟ್ ಹಗ್ಗಕ್ಕೆ ಕಟ್ಟಿ ಅದರ ಮೇಲೆ ಎಳೀರಿ. ನಾನು ಮೊದಲ ಚೀಲದಲ್ಲೇ ಏಳು ಮೊಳೆ, ಎರಡು ಸ್ಕ್ರೂ, ಒಂದು ಬ್ಲೇಡಿನ ಚೂರು ಹಿಡಿದೆ. ಹೊಳೆಯೋದು ಏನು ಕಂಡ್ರೂ ನುಂಗೋ ಪ್ರಾಣಿ ಇದು.

ಸಾಮಿಲ್ಲಿನ ಮರದ ಪುಡಿ ಬೇರೆ, ಸಿಪ್ಪೆ ಬೇರೆ. ಜನ ಎರಡನ್ನೂ ಮರದ ಹೊಟ್ಟು ಅಂತಾರೆ, ಅಲ್ಲೇ ಎಡವಟ್ಟಾಗೋದು. ಪುಡಿ ಹಸಿ ಮರ ಕೊಯ್ದಾಗ ಬರೋದು, ಬರೋವಾಗಲೇ ಒದ್ದೆ, ಚೀಲದಲ್ಲೇ ಬೂಷ್ಟು ಹಿಡಿಯತ್ತೆ, ಒಣಗಿಸಿದ್ರೆ ಧೂಳು. ಮರಿಗಳಿರೋ ಕಡೆ ಅಂತೂ ಬೇಡವೇ ಬೇಡ, ಮೊದಲ ವಾರದ ಮರಿಗೆ ಮೇವು ಯಾವುದು ಪುಡಿ ಯಾವುದು ಗೊತ್ತಾಗಲ್ಲ, ಅದನ್ನೇ ತಿಂದು ಕುತ್ತಿಗೆ ಬುಡದ ಕಾಳಿನ ಚೀಲ ಕಲ್ಲು ಥರ ಗಟ್ಟಿ ಆಗಿ ಸಾಯತ್ವೆ. ದೊಡ್ಡ ಕೋಳಿಗೆ ಬೇರೆ ಏನೂ ಸಿಗ್ಲಿಲ್ಲ ಅಂದ್ರೆ ಬಿಸಿಲಲ್ಲಿ ಎರಡು ದಿನ ಹರಡಿ, ಭತ್ತದ ಹೊಟ್ಟಿನ ಜೊತೆ ಸಮಪಾಲು ಬೆರೆಸಿ ಹಾಕಬಹುದು. ಅಡಿಯಿಂದ ಗೆದ್ದಲು ಹತ್ತತ್ತೆ, ಮಣ್ಣಿನ ನೆಲ ಆದ್ರೆ ಗ್ಯಾರಂಟಿ.

ಈಗ ನನ್ನ ಪ್ರೀತಿಯ ನಾರಿನ ಪುಡಿ. ಇದನ್ನ ಪೂರ್ತಿ ಬೈದುಬಿಟ್ರೆ ಅನ್ಯಾಯ ಆಗತ್ತೆ. ಚಿತ್ರದುರ್ಗ, ಬಳ್ಳಾರಿ ಕಡೆ ಒಣ ಹವೆ ಇರೋ ಊರಲ್ಲಿ, ಅದೂ ಫೆಬ್ರವರಿಯಿಂದ ಮೇ ತನಕ, ಚೆನ್ನಾಗಿ ಒಣಗಿಸಿದ ನಾರಿನ ಪುಡಿ ಹಾಸಿದ್ರೆ ವಾಸನೆ ಎಳ್ಕೋಳತ್ತೆ, ಕಾಲಿಗೆ ಮೆತ್ತಗಿರತ್ತೆ, ಕೋಳಿಗಳು ಅದರಲ್ಲೇ ಗುಂಡಿ ತೋಡಿ ಮಣ್ಣುಸ್ನಾನ ಮಾಡೋಕೆ ಶುರು ಮಾಡತ್ವೆ, ಆಮೇಲೆ ಗೊಬ್ಬರನೂ ಚೆನ್ನಾಗಾಗತ್ತೆ. ಆದ್ರೆ ಫ್ಯಾಕ್ಟರಿಯಿಂದ ಬರೋ ಮಾಲು ಮುಟ್ಟಿದ್ರೆ ಒಣಗಿದ ಹಾಗೆ ಕಾಣತ್ತೆ, ಹಿಂಡಿದ್ರೆ ಬೆರಳ ಸಂದಿಂದ ನೀರು ಬರತ್ತೆ, ಅದನ್ನ ಮೊದಲು ಒಣಗಿಸ್ಬೇಕು, ಮಳೆಗಾಲದಲ್ಲಿ ಒಣಗಿಸೋದು ಎಲ್ಲಿ? ನಾನು ಮಾಡಿದ ತಪ್ಪೇ ಅದು, ಜೂನ್ ಕೊನೆಯಲ್ಲಿ ಅರೆಒಣ ಪುಡಿ ತಂದು ನಾಲ್ಕು ಇಂಚು ಹಾಸ್ದೆ. ಅದು ಗಾಳಿಯಲ್ಲಿರೋ ತೇವನೂ ಕುಡೀತು, ಹಿಕ್ಕೆ ನೀರನ್ನೂ ಕುಡೀತು, ನೀರಿನ ಬೋಗುಣಿ ಕೋಳಿ ಉರುಳಿಸಿದ್ದನ್ನೂ ಕುಡೀತು, ಒಂದು ಹನಿನೂ ವಾಪಸ್ ಕೊಡ್ಲಿಲ್ಲ. ಕಣ ಸಣ್ಣ ಇರೋದ್ರಿಂದ ಮಧ್ಯೆ ಗಾಳಿ ಆಡಲ್ಲ, ಮೇಲೆ ಹೆಕ್ಕಳಿಕೆ ಕಟ್ಟಿ ಕೂತುಬಿಡತ್ತೆ. ಈಗ ನಾನು ಬೇಸಿಗೆಯಲ್ಲಿ ಮಾತ್ರ ಹೊಟ್ಟು ಮೂರು ಪಾಲಿಗೆ ಇದು ಒಂದು ಪಾಲು ಬೆರೆಸ್ತೀನಿ, ಹೊಟ್ಟಿನ ಜೊತೆ ಸೇರಿದ್ರೆ ಇದರ ಬುದ್ಧಿ ಸ್ವಲ್ಪ ನೆಟ್ಟಗಿರತ್ತೆ.

ಹುಲ್ಲಿನ ವಿಷಯಕ್ಕೆ ಬಂದ್ರೆ ಮನೇಲಿ ಜಗಳ. ರಾಗಿ ಹುಲ್ಲು ತೆಗೆದು ಗೂಡಿಗೆ ಹಾಸೋಕೆ ಹೋದ್ರೆ ನಮ್ಮತ್ತೆ, ದನ ತಿನ್ನೋದನ್ನ ಕೋಳಿ ಕಾಲಡಿ ಹಾಕ್ತೀಯಲ್ಲೇ ಅಂತ ಕಿತ್ಕೊಂಡ್ರು, ಅವರು ಹೇಳೋದೂ ಸರಿ. ಭತ್ತದ ಹುಲ್ಲು ಹಾಸಬಹುದು ಆದ್ರೆ ಉದ್ದುದ್ದ ಹಾಗೇ ಹಾಕ್ಬೇಡಿ, ಮೇಲೆ ಹಿಕ್ಕೆ ಬಿದ್ದು ತುಳಿದು ತುಳಿದು ಚಾಪೆ ಥರ ಆಗತ್ತೆ, ಮೇಲೆ ಒಣಗಿರತ್ತೆ, ಎತ್ತಿ ನೋಡಿದ್ರೆ ಅಡಿಯಲ್ಲಿ ಬೂಷ್ಟು. ಆ ಬೂಷ್ಟಿನ ಬೀಜ ಉಸಿರಲ್ಲಿ ಹೋದ್ರೆ ಮರಿಗಳಿಗೆ ಶ್ವಾಸಕೋಶದ ರೋಗ ಬರತ್ತೆ, ಬಾಯಿ ತೆಕ್ಕೊಂಡು ಉಸಿರಾಡ್ತಾ ಕೂತ್ಕೊಳತ್ವೆ, ಅದಕ್ಕೆ ಔಷಧಿ ಕೊಟ್ಟು ಉಳಿಸೋದು ತುಂಬಾ ಕಷ್ಟ. ಎರಡಿಂಚಿಗೆ ಕತ್ತರಿಸಿ ಹೊಟ್ಟಿನ ಜೊತೆ ಹಾಕಿದ್ರೆ ಪರವಾಗಿಲ್ಲ. ಮೊಟ್ಟೆ ಇಡೋ ಬುಟ್ಟಿಗೆ ಮಾತ್ರ ಹುಲ್ಲಿಗಿಂತ ಒಳ್ಳೇದು ಯಾವುದೂ ಇಲ್ಲ, ಕೋಳಿನೇ ಬಟ್ಟಲು ಥರ ಮಾಡ್ಕೊಳತ್ತೆ, ಮೊಟ್ಟೆ ಒಡೆಯಲ್ಲ, ಹೊಟ್ಟು ಹಾಕಿದ್ರೆ ಕೆದಕಿ ಹೊರಗೆ ಎಸೆದು ಬರೀ ಹಲಗೆ ಮೇಲೆ ಮೊಟ್ಟೆ ಇಡತ್ವೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಬೇಸಿಗೆಯಲ್ಲಿ ಸೊಪ್ಪಿನಬೆಟ್ಟದಿಂದ, ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡಿಂದ, ದರಗು (ಉದುರಿದ ಒಣ ಎಲೆ) ಗುಡಿಸಿ ತಂದು ಕೊಟ್ಟಿಗೆಗೆ ಹಾಸೋದು ಹಿಂದಿಂದ ಇದೆ, ಅದೇ ದರಗನ್ನ ಅಮ್ಮ ಕೋಳಿ ಒಡ್ಡಿಗೂ ಎರಡು ಬುಟ್ಟಿ ಹಾಕೋರು. ಕೋಳಿಗೆ ಇದರಷ್ಟು ಖುಷಿ ಯಾವುದರಲ್ಲೂ ಇಲ್ಲ, ಒಂದು ಬುಟ್ಟಿ ದರಗು ಸುರಿದು ನೋಡಿ, ಹುಳ ಹುಡುಕ್ತಾ ಸಂಜೆ ತನಕ ಕೆದಕತ್ವೆ. ಖರ್ಚಿಲ್ಲ, ಬೇಗ ಗೊಬ್ಬರ ಆಗತ್ತೆ. ಆದ್ರೆ ಗರಿಗರಿ ಒಣಗಿರ್ಬೇಕು, ಹಲಸು, ತೇಗದಂಥ ಅಗಲ ಎಲೆ ಬೇಡ, ಅವು ತಟ್ಟೆ ಮೇಲೆ ತಟ್ಟೆ ಜೋಡಿಸಿದ ಹಾಗೆ ಕೂತು ಮಧ್ಯೆ ನೀರು ಹಿಡ್ಕೊಳತ್ವೆ. ಮತ್ತೆ ಮೂರು ನಾಲ್ಕು ವಾರಕ್ಕೆ ಪುಡಿಯಾಗಿ ಮುಗಿದುಹೋಗತ್ತೆ, ಹಾಕ್ತಾನೇ ಇರ್ಬೇಕು. ನಾನು ಹೊಟ್ಟಿನ ಮೇಲೆ ತೆಳ್ಳಗೆ ಒಂದು ಪದರ ಹಾಕ್ತೀನಿ ಅಷ್ಟೇ, ಅವು ಕೆದಕೋದಕ್ಕೋಸ್ಕರ.

ಅಡಿಕೆ ಸಿಪ್ಪೆನೂ ಅಲ್ಲೇ ಸಿಗತ್ತೆ, ರಾಶಿ ರಾಶಿ. ಅಮ್ಮನ ಮನೇಲಿ ಹಾಕಿ ನೋಡಿದ್ವಿ, ನಾರು ಬಿಚ್ಚಿ ಮರಿಗಳ ಕಾಲಿಗೆ ಸುತ್ಕೊಂಡು ಬಿಡಿಸೋದೇ ಕೆಲಸ ಆಯ್ತು. ದೊಡ್ಡ ಕೋಳಿ ಗೂಡಿನ ತಳಕ್ಕೆ, ನೀರು ಬಸಿಯೋಕೆ ಅಂತ ಒಂದು ಪದರ ಹಾಕಿ ಮೇಲೆ ಹೊಟ್ಟು ಹಾಕಿದ್ರೆ ನಡಿಯತ್ತೆ.

ಚಳ್ಳಕೆರೆ, ಪಾವಗಡ ಕಡೆಯೋರಿಗೆ ಕಡಲೆಕಾಯಿ ಸಿಪ್ಪೆ. ಹಗುರ, ಮುರಿದು ಹಾಕಿದ್ರೆ ನೀರೂ ಚೆನ್ನಾಗಿ ಹೀರತ್ತೆ, ಒಣಗೋದೂ ಬೇಗ, ಗುಣದಲ್ಲಿ ಮರದ ಸಿಪ್ಪೆ ಆದ್ಮೇಲೆ ಇದೇ ಅನ್ನಬಹುದು. ಒಂದೇ ಭಯ ಬೂಷ್ಟಿನದು. ಕಡಲೆಕಾಯಿಗೆ ಬೂಷ್ಟು ಹಿಡಿದ್ರೆ ಅಫ್ಲಾಟಾಕ್ಸಿನ್ ವಿಷ ಆಗೋದು ಗೊತ್ತಲ್ಲ, ಸಿಪ್ಪೆ ಜೊತೆ ಉಳಿದ ಸುರುಟು ಬೀಜನ ಕೋಳಿ ಹುಡುಕಿ ಹುಡುಕಿ ತಿನ್ನತ್ತೆ. ಚೀಲ ಸುರಿದಾಗ ಹಸಿರುಬೂದು ಪುಡಿ ಹಾರಿದ್ರೆ ಇಡೀ ಚೀಲ ತಿಪ್ಪೆಗೆ ಹಾಕಿ, ಮೇಲಿಂದು ತೆಗೆದು ಕೆಳಗಿಂದು ಉಪಯೋಗಿಸೋ ಆಸೆ ಬೇಡ.

ಮರಳು ಹಾಕಿ ಅಂತ ಅಮೆರಿಕದಲ್ಲಿ ಕೋಳಿ ಸಾಕೋರು ತುಂಬಾ ಹೇಳ್ತಾರೆ, ಬೆಕ್ಕಿನ ಟ್ರೇ ಥರ ದಿನಾ ಜರಡಿಯಲ್ಲಿ ಹಿಕ್ಕೆ ಆರಿಸಿ ತೆಗೆದ್ರೆ ಆಯ್ತು, ವರ್ಷಗಟ್ಟಲೆ ಬರತ್ತೆ ಅಂತ. ನಮ್ಮಲ್ಲಿ ಮನೆ ಕಟ್ಟೋಕೇ ನದಿ ಮರಳು ಸಿಗಲ್ಲ, ಕೋಳಿ ಕಾಲಡಿ ಹಾಕೋದಾ. ಕಲ್ಲು ಪುಡಿ ಮಾಡಿದ ಎಂ ಸ್ಯಾಂಡ್‌ದು ಅಂಚು ಚೂಪು, ಅದರ ಧೂಳು ಸಿಮೆಂಟ್ ಥರ ಗಟ್ಟಿ ಆಗತ್ತೆ. ಗೊಬ್ಬರನೂ ಆಗಲ್ಲ. ಇನ್ನು ನ್ಯೂಸ್ ಪೇಪರ್, ಮರಿ ತಂದ ಮೊದಲೆರಡು ದಿನ ಹೊಟ್ಟಿನ ಮೇಲೆ ಹಾಸಿ ಅದರ ಮೇಲೆ ನುಚ್ಚು ಚೆಲ್ಲೋದುಂಟು, ಹೊಟ್ಟು ತಿನ್ನದೆ ಇರ್ಲಿ ಅಂತ, ಅಷ್ಟಕ್ಕೆ ಸಾಕು. ಜಾಸ್ತಿ ದಿನ ಬಿಟ್ರೆ ನುಣುಪಿಗೆ ಕಾಲು ಜಾರಿ ಜಾರಿ ಮರಿ ಕಾಲು ಎರಡೂ ಕಡೆ ಚಾಚ್ಕೊಂಡುಬಿಡತ್ತೆ, ನಾನು ಈಗ ಪೇಪರ್ ಬದಲು ಹಳೇ ಗೋಣಿತಾಟು ಹಾಸ್ತೀನಿ, ಕಾಲಿಗೆ ಹಿಡಿತ ಸಿಗತ್ತೆ.

ಎಷ್ಟು ಬೇಕು ಅನ್ನೋದಕ್ಕೆ ನನ್ನ ಗೂಡಿಂದೇ ಲೆಕ್ಕ ಹೇಳ್ತೀನಿ. 8 ಅಡಿಗೆ 6 ಅಡಿ, ಮೂರಿಂಚು ದಪ್ಪ ಅಂದ್ರೆ 12 ಘನ ಅಡಿ, ಹತ್ರತ್ರ 340 ಲೀಟರು. ನೂರು ಲೀಟರ್ ಹಿಡಿಯೋ ದೊಡ್ಡ ಚೀಲ ಆದ್ರೆ ಮೂರೂವರೆ ಚೀಲ, ತೂಕ ಕೇಳಿದ್ರೆ ಹೊಟ್ಟು ಸುಮಾರು 35 ಕೆಜಿ ಅಷ್ಟೇ, ಸ್ಕೂಟರ್ ಮೇಲೆ ಎರಡು ಸಲ. ಎರಡಿಂಚಿಗಿಂತ ತೆಳ್ಳಗೆ ಹಾಕಿ ದುಡ್ಡು ಉಳಿಸಿದೆ ಅನ್ಕೊಂಡ್ರೆ ವಾರಕ್ಕೊಂದ್ಸಲ ಬದಲಾಯಿಸೋಕೆ ಆ ದುಡ್ಡು ಹೋಗತ್ತೆ. ಶುರುಗೆ ಮೂರಿಂಚು ಹಾಕಿ, ಹದಿನೈದು ದಿನಕ್ಕೊಂದ್ಸಲ ಮೇಲೆ ಅರ್ಧ ಇಂಚು ಹೊಸದು ಸೇರಿಸ್ತಾ ಆರಿಂಚು ತನಕ ಏರೋಕೆ ಬಿಟ್ರೆ ಅದೇ ಆಳ ಹಾಸಿಗೆ ಅಂತಾರಲ್ಲ, ಡೀಪ್ ಲಿಟ್ಟರ್, ಅದಾಗತ್ತೆ. ಒಂದು ಕೋಳಿಗೆ ಎರಡು ಚದರ ಅಡಿಗಿಂತ ಕಡಿಮೆ ಜಾಗ ಇದ್ರೆ ಇದಕ್ಕೆ ಕೈ ಹಾಕ್ಬೇಡಿ, ಯಾವ ಹಾಸಿಗೆ ತಂದ್ರೂ ಸೋಲತ್ತೆ.

ನೆಲ ಯಾವುದು ಅನ್ನೋದರ ಮೇಲೂ ಹೋಗತ್ತೆ. ಮಣ್ಣಿನ ನೆಲ ಒಣ ಊರಲ್ಲಿ ಚೆನ್ನ, ಹಸಿ ಊರಲ್ಲಿ ಕೆಳಗಿಂದ ತೇವ ಏರತ್ತೆ, ಮೇಲಿಂದ ನೀವು ಏನೇ ಹಾಸಿ. ಕರಾವಳಿಯೋರು, ಆಗುಂಬೆ ಕಡೆಯೋರು ಹಾಸಿಗೆ ಹುಡುಕೋಕೆ ಮುಂಚೆ ಗೂಡನ್ನ ಎರಡಡಿ ಮೇಲೆತ್ತಿ ಹಲಗೆ ನೆಲ ಮಾಡ್ಕೊಳೋದು ಒಳ್ಳೇದು, ಇಲ್ಲಾ ಅಡಿಕೆ ಮರ ಸೀಳಿದ ದಬ್ಬೆ ಸಂದು ಬಿಟ್ಟು ಹೊಡೆದ್ರೆ ಹಿಕ್ಕೆ ಕೆಳಗೆ ಬೀಳತ್ತೆ, ಹಾಸಿಗೆ ತಲೆನೋವೇ ಇಲ್ಲ. ಬೆಂಗಳೂರಲ್ಲಿ ಸೈಟಿನ ಮೂಲೇಲಿ ಆರು ಕೋಳಿ ಇಟ್ಕೊಂಡಿರೋರಿಗೆ ಪಕ್ಕದ ಮನೆಯೋರ ಮೂಗಿನದೇ ಚಿಂತೆ, ಅವರು ಸ್ವಲ್ಪ ದುಡ್ಡು ಹೋದ್ರೂ ಮರದ ಸಿಪ್ಪೆನೇ ಹಾಕಿ, ತಿಂಗಳಿಗೊಂದ್ಸಲ ತೆಗೆದುಬಿಡಿ. ಬಯಲುಸೀಮೆಯೋರಿಗೆ ಏನು ಹಾಕಿದ್ರೂ ನಡಿಯತ್ತೆ, ಏಪ್ರಿಲ್ಲಲ್ಲಿ ಧೂಳು ಜಾಸ್ತಿ ಆದ್ರೆ ಸ್ವಲ್ಪ ನೀರು ಚಿಮುಕಿಸ್ಬೇಕು ಅಷ್ಟೇ, ಪುಣ್ಯವಂತರು.

ಸುಣ್ಣದ ಬಗ್ಗೆ ಒಂದು ಮಾತು, ಯಾಕಂದ್ರೆ ವಾಸನೆ ಬಂತು ಅಂದ ತಕ್ಷಣ ಎಲ್ಲರೂ ಕೊಡೋ ಸಲಹೆ ಅದೇ, ಒಂದು ಹಿಡಿ ಸುಣ್ಣ ಎರಚಿ ಅಂತ. ನಾನೂ ಆ ಆಷಾಢದ ದಿನ ಎರಚಿದ್ದೆ, ವಾಸನೆ ಇಳಿಯೋ ಬದಲು ಏರ್ತು. ಸುಣ್ಣ ಕ್ಷಾರ, ಹಾಸಿಗೆ ಕ್ಷಾರ ಆದಷ್ಟೂ ಒಳಗಿರೋ ಅಮೋನಿಯಾ ಗಾಳಿಗೆ ಜಾಸ್ತಿ ಬರತ್ತೆ, ಒಲೆ ಬೂದಿ ಜಾಸ್ತಿ ಸುರಿದ್ರೂ ಇದೇ ಕಥೆ. ವಾಸನೆ ಹಿಡಿದಿಡೋಕೆ ಗೊಬ್ಬರದ ಅಂಗಡಿಯ ಸೂಪರ್ ಫಾಸ್ಫೇಟ್ ವಾಸಿ, ಅದು ಆಮ್ಲದ ಕಡೆಯದು, ಕೆದಕಿ ಒಳಗೆ ಸೇರಿಸ್ಬೇಕು, ಕಾಳು ಅಂತ ಕೋಳಿ ತಿನ್ನದ ಹಾಗೆ. ಸುಣ್ಣ ಹಾಕೋ ಜಾಗ ಅಂದ್ರೆ ಹಳೇ ಹಾಸಿಗೆ ಪೂರ್ತಿ ತೆಗೆದ ಖಾಲಿ ನೆಲ, ಅಲ್ಲಿ ಬಳಿದು, ಎರಡು ದಿನ ಬಾಗಿಲು ತೆಗೆದಿಟ್ಟು, ಆಮೇಲೆ ಹೊಸ ಹಾಸಿಗೆ. ಬೂದಿಗೆ ಮೂಲೇಲಿ ಒಂದು ಹಳೇ ಟೈರ್ ಇಟ್ಟು ಮಣ್ಣಿನ ಜೊತೆ ಬೆರೆಸಿ ತುಂಬಿ, ಹೇನು ಕಳ್ಕೊಳೋಕೆ ಅದರಲ್ಲಿ ಹೊರಳಾಡ್ಲಿ.

ಮರಿ ಇರೋ ಗೂಡಲ್ಲಿ ಮೂರರಿಂದ ಆರು ವಾರದ ತನಕ ಮೈಯೆಲ್ಲ ಕಣ್ಣಾಗಿರಿ. ರಕ್ತಭೇದಿ ಬರಿಸೋ ಕಾಕ್ಸಿಡಿಯಾ ಅನ್ನೋ ಕಣ್ಣಿಗೆ ಕಾಣದ ಪರಾವಲಂಬಿಯ ಮೊಟ್ಟೆಗಳು ಬೆಚ್ಚಗೆ ಒದ್ದೆ ಇದ್ರೆ ಒಂದೆರಡು ದಿನದಲ್ಲೇ ರೋಗ ಹಬ್ಬಿಸೋಕೆ ತಯಾರಾಗಿಬಿಡತ್ವೆ. ಒದ್ದೆ ಆಗೋದು ಎಲ್ಲಿ ಅಂತ ನೋಡಿದ್ರೆ ಹತ್ತರಲ್ಲಿ ಎಂಟು ಸಲ ನೀರಿನ ಪಾತ್ರೆ ಸುತ್ತ. ಪಾತ್ರೆಯ ಅಂಚು ಕೋಳಿ ಬೆನ್ನಿನ ಎತ್ತರಕ್ಕೆ ಬರೋ ಹಾಗೆ ಎರಡು ಇಟ್ಟಿಗೆ ಮೇಲಿಡಿ, ಸುತ್ತ ಒದ್ದೆ ಆದ ಹಾಸಿಗೆ ಒಂದು ಚಿಬ್ಬಲಿನಷ್ಟನ್ನ ದಿನಾ ತೆಗೆದು ಒಣಗಿದ್ದು ಹಾಕಿ, ಇಡೀ ಗೂಡು ಬದಲಾಯಿಸೋ ಕೆಲಸ ಎಷ್ಟೋ ತಿಂಗಳು ಮುಂದಕ್ಕೆ ಹೋಗತ್ತೆ. ಇನ್ನೊಂದು, ಅಡ್ಡಗೋಲಿನ ಕೆಳಗೆ ಒಂದು ಹಲಗೆ. ಗೂಡಿನೊಳಗಿನ ಹಿಕ್ಕೆ ಜಾಸ್ತಿ ಬೀಳೋದು ರಾತ್ರಿ ಅಲ್ಲೇ, ಬೆಳಗ್ಗೆ ಹಲಗೆ ಕೆರೆದು ಬಕೆಟ್ಟಿಗೆ ಹಾಕಿದ್ರೆ ಹಾಸಿಗೆಗೆ ಬೀಳೋ ನೀರೇ ಅರ್ಧಕ್ಕೆ ಇಳಿಯತ್ತೆ.

ತೆಗೆದ ಹಾಸಿಗೆನ ಹಸಿಯಾಗಿ ಗಿಡದ ಬುಡಕ್ಕೆ ಹಾಕ್ಬೇಡಿ, ಸಾರಜನಕ ಜಾಸ್ತಿ, ಬೇರು ಸುಟ್ಟುಹೋಗತ್ತೆ, ನಮ್ಮ ಕರಿಬೇವು ಹೋಗಿದ್ದು ಹಂಗೇ. ಗುಂಡಿಗೆ ಹಾಕಿ ಮಧ್ಯೆ ಮಧ್ಯೆ ಒಣ ಎಲೆ ಸೇರಿಸಿ ಆಗಾಗ ತಿರುವಿ. ದರಗು, ಹುಲ್ಲು ಇದ್ದದ್ದು ಬೇಗ ಕರಗತ್ತೆ, ಭತ್ತದ ಹೊಟ್ಟು ವರ್ಷ ಆದ್ರೂ ಹೊಟ್ಟಿನ ಹಾಗೇ ಕಾಣತ್ತೆ, ಕಂಡ್ರೆ ಕಾಣ್ಲಿ, ತೆಂಗಿನ ಬುಡಕ್ಕೆ ಹಾಕೋಕೆ ಏನೂ ತೊಂದರೆ ಇಲ್ಲ. ಶುಂಠಿ ಹಾಕೋರಂತೂ ಕೋಳಿ ಗೊಬ್ಬರ ಅಂದ್ರೆ ಮನೆ ಬಾಗಿಲಿಗೇ ಬರ್ತಾರೆ, ಹದಿನಾಲ್ಕು ಕೋಳಿದು ಅಂದಾಗ ನಕ್ಕು ವಾಪಸ್ ಹೋಗ್ತಾರೆ.

ಈಗ ನಮ್ಮ ಗೂಡಲ್ಲಿರೋದು ರೋಲರ್ ಮಿಲ್ಲಿನ ಹೊಟ್ಟು ಮೂರು ಚೀಲ, ಚೌಕಟ್ಟಿನ ಅಂಗಡಿಯ ಸಿಪ್ಪೆ ಒಂದು ಚೀಲ, ಮೇಲೆ ಅಮ್ಮ ಬಸ್ಸಲ್ಲಿ ಕಳಿಸಿದ ದರಗು. ಈ ಸಲ ಆಷಾಢ ಪೂರ್ತಿ ಕಳೀತು, ಒಂದ್ಸಲ ಮಾತ್ರ ಇರಚಲು ಹೊಡೆದು ಕಿಟಕಿ ಪಕ್ಕದ ಎರಡಡಿ ಒದ್ದೆ ಆಗಿತ್ತು, ಅಷ್ಟನ್ನ ತೆಗೆದು ಹೊಸದು ಹಾಕ್ದೆ. ಹಳೇ ನಾರಿನ ಪುಡಿ ಇನ್ನೂ ಆರು ಚೀಲ ಬಚ್ಚಲು ಮನೆ ಹಿಂದೆ ಕೂತಿದೆ, ಗುಲಾಬಿ ಕುಂಡಕ್ಕೆ ಎಷ್ಟು ಹಾಕಿದ್ರೂ ಖಾಲಿ ಆಗ್ತಿಲ್ಲ, ನಮ್ಮತ್ತೆ ಅದರ ಮೇಲೇ ಹಪ್ಪಳದ ಮೊರ ಇಟ್ಟು ಒಣಗಿಸ್ತಿದಾರೆ.